ಕಳ್ಳಗಿವಿಗೊಂದು ಪೆಟ್ಟಿಗೆ

ನಗ್ವಾನ್: ಮೂರನೇ ಪೆಟ್ಟಿಗೇನ ಮೇಲ್ಗಡೆ ಹಜ್ಜಾ ಇನ್‌ಶಿರಾಹ್ ಮನೇಲಿ ಇಟ್ಟು ಬಂದ್ರಾ? ರೀ, ತಲೆ ನೆಟ್ಟಗಿದೆಯಾ?

ಶುಕ್ರಿ: ಕಳ್ಳಗಿವಿ ಇಲ್ದೆ ಪರೀಕ್ಷೆ ಆಗಲ್ಲ ಕಣೇ. ಕದ್ದು ಕೇಳೋದ್ರಲ್ಲಿ ಇಡೀ ಶುಬ್ರಾ ಬಡಾವಣೇಲಿ ಅವಳನ್ನ ಮೀರಿಸೋರು ಯಾರಿದ್ದಾರೆ?

ಕೈರೋದ ವಿಶ್ವವಿದ್ಯಾಲಯವೊಂದರಲ್ಲಿ ನಿಸ್ತಂತು ಸಂಪರ್ಕದ ಪಾಠ ಹೇಳುವ ಡಾಕ್ಟರ್ ಶುಕ್ರಿ, ಯಾರೂ ಕದ್ದು ಕೇಳಲಾಗದ ಮಾತಿನ ಪೆಟ್ಟಿಗೆ ಕಟ್ಟಲು ಆರು ವರ್ಷ ಸವೆಸಿದ್ದರು. ಅವರ ಹೆಂಡತಿ ನಗ್ವಾನ್‌ಗೆ ಬೇಕಿದ್ದದ್ದು ಒಂದೇ: ಫಾತಿಹಾ ಓದಿ ಮಾತು ಗಟ್ಟಿಯಾಗುವ ತನಕ ಮಗಳು ರೀಮ್‌ಳ ಸಂಬಂಧದ ಸುದ್ದಿ ಹೊಸಿಲು ದಾಟಬಾರದು. ಹೋದ ಸಲ ಬಂದ ಸಂಬಂಧದಲ್ಲಿ, ಹುಡುಗನ ತಾಯಿಯನ್ನು ಹಜ್ ಮಾಡಿ ಬಂದ ಈ ಇನ್‌ಶಿರಾಹ್ ಮೆಟ್ಟಿಲಲ್ಲೇ ಹಿಡಿದು ಅರ್ಧ ಗಂಟೆ ಮಾತಾಡಿಸಿದ್ದಳು. ಆ ಹೆಂಗಸು ಬಾಗಿಲೂ ತಟ್ಟದೆ ಹಿಂದಿರುಗಿದ್ದಳು.

ನಗ್ವಾನ್: ಹುಡುಗನ ಕಡೆಯವರು ಫೋನ್ ಮಾಡಿದ್ರಲ್ಲ, ಯಾವತ್ತು ಬರ್ತಾರಂತೆ? ಇಲ್ಲೇ ಕಿವೀಲಿ ಹೇಳಿ.

ಶುಕ್ರಿ: ಮಾಳಿಗೆ ಹತ್ತಿ ಪೆಟ್ಟಿಗೇಲಿ ಹೇಳ್ತೀನಿ. ನಿಜವಾದ ಗುಟ್ಟೇ ಇಲ್ದಿದ್ರೆ ಪರೀಕ್ಷೆ ಏನು ಬಂತು? ಮಾತಿನ ಜೊತೆ ಕಸ ಬೆರೆಸಿ ಕಳಿಸ್ತೀನಿ. ದಾರೀಲಿ ನಾಕು ತಪ್ಪಾದ್ರೆ ನಿನ್ನ ಪೆಟ್ಟಿಗೆ ತಿದ್ಕೊಂಡು, ಕಸ ಸೋಸಿ ಕೊಡುತ್ತೆ. ಕಳ್ಳಗಿವಿಗೆ ತಪ್ಪು ಜಾಸ್ತಿ, ತಿದ್ದೋಕೇ ಆಗಲ್ಲ. ಎಲ್ಲಾ ಕಲಸುಮೇಲೋಗರ!

ನಗ್ವಾನ್: ಅಂದ್ರೆ ಕಳ್ಳಗಿವಿಗೆ ನನಗಿಂತ ಕೆಟ್ಟದಾಗಿ ಕೇಳಿಸ್ಬೇಕು?

ಶುಕ್ರಿ: ಅದೊಂದೇ ಷರತ್ತು.

ನಗ್ವಾನ್: ಕಳ್ಳಗಿವಿ ಅದಕ್ಕೆ ಒಪ್ಪಿದ್ದಾಳಾ?

ಶುಕ್ರಿ: (ಗತ್ತಿನಿಂದ) ಅದಕ್ಕೇ ಅವಳನ್ನ ಆರಿಸಿದ್ದು. ಬಲಗಿವಿ ಪೂರ್ತಿ ಮಂದ, ಎಡಗಿವಿ ಮುಕ್ಕಾಲು.

ನಗ್ವಾನ್: ಕಿವುಡು ಅವಳಿಗೆ ಕಣ್ರೀ, ಪೆಟ್ಟಿಗೆಗಲ್ಲ! ಅವಳಿರೋದು ಮಾಳಿಗೆ ಕೆಳಗೇ, ಐದನೇ ಮಹಡಿ. ನಾನು ನೆಲಮಹಡಿ. ಚೆನ್ನಾಗಿ ಕೇಳಿಸೋದು ಅವಳ ಪೆಟ್ಟಿಗೆಗೇ!

ಶುಕ್ರಿ: ಆರು ವರ್ಷ ಇದನ್ನ ಅರೆದು ಕುಡಿದಿರೋನು ನಾನೋ ನೀನೋ?

ಡಾಕ್ಟರು ದಡದಡನೆ ಮೆಟ್ಟಿಲು ಹತ್ತಿದರು. ನಗ್ವಾನ್ ಅಡಿಗೆಮನೆಯಲ್ಲಿ ತನ್ನ ಪೆಟ್ಟಿಗೆಗೆ ಕಿವಿಯಿಟ್ಟು ನಿಂತಳು.

ಪೆಟ್ಟಿಗೆ: ಗರ್ರ್... ಗುರ್... ಕುರಿ... ಗರ್ರ್...

ನಗ್ವಾನ್: ಏನ್ರೀ? ಕುರಿ ತರ್ತಾರಾ?

ಅಷ್ಟರಲ್ಲಿ ಅಡಿಗೆಮನೆ ಕಿಟಕಿಯಾಚೆ, ಐದೂ ಮಹಡಿಗಳಿಗೆ ಗಾಳಿಬೆಳಕು ಕೊಡುವ ಬಾವಿಯಂಥ ಸಂದಿಯೊಳಗೆ, ಶುಕ್ರಿಯ ದನಿ ಗುಡುಗಿತು. ಕಿವಿ ಮಂದವಾದ ಇನ್‌ಶಿರಾಹ್ ತನ್ನ ಪೆಟ್ಟಿಗೆಯ ಸದ್ದನ್ನು ತಿರುಗುವಷ್ಟೂ ತಿರುಗಿಸಿ ಕಿಟಕಿಯಲ್ಲಿಟ್ಟಿದ್ದಳು.

“ಗುರುವಾರ, ಸಂಜೆ ಮಗ್ರಿಬ್ ನಮಾಜ್ ಆದ್ಮೇಲೆ, ಮನ್ಸೂರಾದಿಂದ ಬರ್ತಾರೆ! ಆ ಇನ್‌ಶಿರಾಹ್‌ಗೆ ಮಾತ್ರ ಗೊತ್ತಾಗಬಾರದು!”

ಎಲ್ಲ ಮಹಡಿಗಳಲ್ಲೂ ಪಾತ್ರೆಗಳ ಸದ್ದು ನಿಂತಿತು. ನಾಲ್ಕನೇ ಮಹಡಿಯವಳು ನಾಲಿಗೆ ಹೊರಳಿಸಿ ಮದುವೆಮನೆಯ ಕೇಕೆ ಹಾಕಿಯೇ ಬಿಟ್ಟಳು. ನಗ್ವಾನ್ ತಲೆ ಮೇಲೆ ಕೈಹೊತ್ತು ಕೂತಳು. ಶುಕ್ರಿ ಏದುಸಿರು ಬಿಡುತ್ತ ಇಳಿದು ಬಂದರು.

ಇನ್‌ಶಿರಾಹ್: (ಮೇಲಿನ ಕಿಟಕಿಯಿಂದ) ನಗ್ವಾನ್! ಬಹಳ ಸಂತೋಷ ಕಣಮ್ಮಾ! ಕೊನೇಲಿ ಒಂದು ಮಾತು ಸರಿಯಾಗಿ ಕೇಳಿಸ್ಲಿಲ್ಲ. ಯಾರಿಗೆ ಗೊತ್ತಾಗಬಾರದಂತೆ?

ಶುಕ್ರಿ: (ಕುಣಿದಾಡುತ್ತ) ನೋಡಿದ್ಯಾ? ತಪ್ಪು ಬಂತು! ಕಳ್ಳಗಿವಿಗೆ ತಪ್ಪು ಬಂತು!

ಮೂರನೇ ಮಹಡಿಯವಳು: (ಕೂಗಿ) ನಿಮಗಂತೆ, ಹಜ್ಜಾ! ನಿಮಗೇ!

ನಗ್ವಾನ್: ತಗೊಳ್ಳಿ, ತಿದ್ದಿದ್ದೂ ಆಯ್ತು.