ಭಾವ ಮುರಿಯದ ಮನೆ

ನನ್ನ ಭಾವ ಒಬ್ಬ ಮನೆಮುರುಕ. ಗಾಬರಿಯಾಗಬೇಡಿ, ಅಕ್ಕನ ಸಂಸಾರ ಸುಖವಾಗಿಯೇ ಇದೆ! ಭಾವನ ಉದ್ಯೋಗವೇ ಅದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸುತ್ತ ಯಾರು ಹಳೆ ಮನೆ ಕೆಡವಿ ಟೆರೇಸು ಮನೆ ಕಟ್ಟಲು ಹೊರಟರೂ ಇವರಿಗೆ ಫೋನು ಬರುತ್ತದೆ. ಇವರು ಹೋಗಿ ಕಂಬ, ಬಾಗಿಲು, ಜಂತಿಗಳನ್ನು ಬಿಚ್ಚಿ ತಂದು ಬಂಟ್ವಾಳದ ತಮ್ಮ ಅಂಗಳದಲ್ಲಿ ಒಟ್ಟುತ್ತಾರೆ. ರೆಸಾರ್ಟಿನವರು ಬಂದು ಕೊಂಡೊಯ್ಯುತ್ತಾರೆ.

ಯಾರ ಮನೆಗೆ ಹೋದರೂ ಭಾವ ಮೊದಲು ಮಾತಾಡಿಸುವುದು ಕಂಬವನ್ನು. ಬೆರಳ ಗಂಟಿನಿಂದ ಎರಡು ಸಲ ಕುಟ್ಟಿ ಕಿವಿಯಿಡುತ್ತಾರೆ, ಥೇಟ್ ಡಾಕ್ಟರರ ಹಾಗೆ! ನನಗೆ ಹೆಣ್ಣು ನೋಡಲು ಗುರುವಾಯನಕೆರೆಗೆ ಹೋದಾಗ ಹಿರಿಯರೆಂದು ಇವರನ್ನೇ ಕರೆದುಕೊಂಡು ಹೋಗಿದ್ದೆವು. ವಾಪಸು ಬರುವಾಗ ಕಾರಿನಲ್ಲಿ ಕೇಳಿದೆ.

"ಭಾವ, ಹೇಗುಂಟು?"

"ಎರಡು ಮಾತಿಲ್ಲ. ಒಳ್ಳೆ ಬಲಿತ ಹಲಸು. ಇನ್ನು ನೂರು ವರ್ಷಕ್ಕೆ ಏನೂ ಆಗ್ಲಿಕ್ಕಿಲ್ಲ."

"ನಾನು ಕೇಳಿದ್ದು ಹುಡುಗಿಯನ್ನು!"

"ಹುಡುಗಿ ಬಂದಿದ್ದಳಾ? ನಾನು ಚಾವಡಿಯ ಕಂಬ ನೋಡ್ತಾ ಇದ್ದೆ ಮಾರಾಯ."

ಆ ಹುಡುಗಿಯೇ ಈಗ ನನ್ನ ಹೆಂಡತಿ. ಅವಳ ಸಿಟ್ಟು ಇನ್ನೂ ಇಳಿದಿಲ್ಲ.

ಇಂಥ ಭಾವ ಒಂದು ಪುಟ್ಟ ಮನೆಯೆದುರು ಸೋತುಬಿಟ್ಟರು. ಅಳದಂಗಡಿಯ ಹತ್ತಿರ, ರಸ್ತೆ ಬದಿಯಲ್ಲಿ, ಮರಗೆಲಸದ ಆಚಾರಿಯೊಬ್ಬರು ಸುಮಾರು ನೂರು ವರ್ಷದ ಹಿಂದೆ ತಮಗಾಗಿ ಕಟ್ಟಿಕೊಂಡ ಮರದ ಮನೆ. ಕೆಳಗೆ ಎರಡು ಕೋಣೆ, ಮೇಲೆ ಹಲಗೆಯ ಉಪ್ಪರಿಗೆ, ಅಷ್ಟೆ. ಅವರ ಮರಿಮಗನಿಗೆ ಅಲ್ಲಿ ಅಂಗಡಿ ಸಾಲು ಕಟ್ಟಬೇಕಿತ್ತು. ತಿಂಗಳೊಳಗೆ ಜಾಗ ಖಾಲಿ ಮಾಡಿಕೊಡಲು ಹೇಳಿದ್ದರು. ಭಾವ ಕೆಲಸದವರನ್ನು ಕರೆದುಕೊಂಡು ಹೋದರು, ಹಂಚು ಇಳಿಸಿದರು, ಉಪ್ಪರಿಗೆ ಹತ್ತಿದರು. ಸಂಜೆಯಾದರೂ ಇಳಿಯಲೇ ಇಲ್ಲ! ಕೆಲಸದವರು ಅಕ್ಕನಿಗೆ ಫೋನು ಮಾಡಿದರು, ಅಕ್ಕ ನನ್ನನ್ನು ಓಡಿಸಿದಳು.

ಹೋಗಿ ನೋಡಿದರೆ ಭಾವ ಹಲಗೆಯ ಮೇಲೆ ಬೋರಲು ಮಲಗಿ ಟಾರ್ಚು ಬಿಡುತ್ತಿದ್ದರು.

"ಇಡೀ ಮನೆಗೆ ಒಂದು ಕಬ್ಬಿಣದ ಮೊಳೆ ಇಲ್ಲ ಮಾರಾಯ. ಎಲ್ಲ ಮರದ ಗೂಟ. ಬಾಗಿಲು ಒಂದು ಜಾತಿ, ಕಿಟಕಿ ಒಂದು ಜಾತಿ. ಬೇರೆಯವರ ಮನೆ ಕಟ್ಟಿ ಉಳಿದ ತುಂಡುಗಳು! ಊರಿಗೆಲ್ಲ ಹೂ ಬಳ್ಳಿ ಕೆತ್ತಿದವರು ತನ್ನ ಮನೆಗೆ ಒಂದು ಎಲೆ ಕೂಡ ಕೆತ್ತಲಿಲ್ಲ. ಆದ್ರೆ ಈ ಜೋಡಣೆ ನೋಡು, ಕೂದಲು ತೂರುವುದಿಲ್ಲ."

"ಹಾಗಾದರೆ ಒಳ್ಳೆ ವ್ಯಾಪಾರ!"

"ಇದನ್ನು ನಾನು ಮಾರುವುದಿಲ್ಲ. ಕೆಡವುವುದೂ ಇಲ್ಲ."

ಮರುದಿನದಿಂದ ಪಾರಂಪರಿಕ ಕಟ್ಟಡಗಳ ಕಚೇರಿಗೆ ಅಲೆದಾಟ ಶುರು. ಇವರ ಕಾಟ ತಾಳಲಾರದೆ ಕೊನೆಗೆ ಒಬ್ಬ ಅಧಿಕಾರಿ ಬಂದೇ ಬಂದರು.

"ಇಲ್ಲಿ ಯಾವ ಅರಸರು ಇದ್ದರು?"

"ಅರಸರು ಇದ್ದಿದ್ರೆ ಈ ಬಾಗಿಲು ತಾಗಿ ಕಿರೀಟ ಬೀಳ್ತಿತ್ತು ಸಾರ್."

"ಕೆತ್ತನೆ?"

"ಇಲ್ಲ."

"ಶಾಸನ?"

"ಇಲ್ಲ."

"ಮತ್ತೆ ಏನುಂಟು ಇಲ್ಲಿ?"

"ಮನೆ ಉಂಟು!"

ಅಧಿಕಾರಿ 'ಸಾಮಾನ್ಯ ವಾಸದ ಮನೆ' ಎಂದು ಬರೆದುಕೊಂಡು ಹೋದರು. ಭಾವ ಉರಿದುಬಿದ್ದರು. "ಅರಮನೆ ನೋಡಿಕೊಳ್ಳಲಿಕ್ಕೆ ಜನ ಉಂಟು. ಅರಮನೆ ಕಟ್ಟಿದವರು ಸಂಜೆ ಹೋಗಿ ಮಲಗಿದ್ದು ಎಲ್ಲಿ? ಇಂಥದ್ದರಲ್ಲೇ ಅಲ್ವಾ? ಇದಕ್ಕೆ ಯಾರಿದ್ದಾರೆ? ಯಾರೂ ಇಲ್ಲದಿದ್ರೆ ನಾನಿದ್ದೇನೆ."

ತಿಂಗಳು ಮುಗಿಯುತ್ತಾ ಬಂದಿತ್ತು. ಮರಿಮಗನನ್ನು ಒಪ್ಪಿಸಿ, ಒಂದೊಂದು ತುಂಡಿಗೂ ಬಣ್ಣದಲ್ಲಿ ನಂಬರು ಬರೆದು, ಇಡೀ ಮನೆಯನ್ನು ಬಿಚ್ಚಿ ಲಾರಿಯಲ್ಲಿ ಬಂಟ್ವಾಳಕ್ಕೆ ತಂದರು. ಅಕ್ಕ ಬಟ್ಟೆ ಒಣಗಿಸುತ್ತಿದ್ದ ಜಾಗದಲ್ಲೇ ಅದಕ್ಕೆ ಅಡಿಪಾಯ ಹಾಕಿದರು. ಮತ್ತೆ ಜೋಡಿಸಲು ನಾಲ್ಕು ತಿಂಗಳು ಹಿಡಿಯಿತು. ಎಲ್ಲ ಮುಗಿದ ಮೇಲೆ ಒಂದು ಹಲಗೆ ಉಳಿಯಿತು! ಭಾವನಿಗೆ ಒಂದು ವಾರ ಊಟ ಸೇರಲಿಲ್ಲ. ಮನೆಯ ಸುತ್ತ ಹಲಗೆ ಹಿಡಿದುಕೊಂಡು ತಿರುಗಿದ್ದೇ ತಿರುಗಿದ್ದು. ಕೊನೆಗೆ ಅಕ್ಕ ಗುರುತು ಹಿಡಿದಳು, "ನಮ್ಮ ಅಡುಗೆಮನೆಯ ಕಪಾಟಿನ ಹಲಗೆ ಇದು! ಅಂಗಳದಲ್ಲಿ ಒಣಗಲಿಕ್ಕೆ ಇಟ್ಟದ್ದನ್ನೂ ಮನೆಗೆ ಸೇರಿಸ್ಲಿಕ್ಕೆ ಹೊರಟ್ರಾ?"

ಕಳೆದ ತಿಂಗಳು ಆ ಮರಿಮಗ ಕಲ್ಲಡ್ಕದಿಂದ ತಮ್ಮ ಸೋದರತ್ತೆಯನ್ನು ಮನೆ ತೋರಿಸಲು ಕರೆತಂದರು. ಆಚಾರಿಯವರ ಮೊಮ್ಮಗಳು. ಎಂಬತ್ತು ದಾಟಿದೆ. ಒಂದು ಕಾಲು ಹುಟ್ಟಿನಿಂದಲೇ ಗಿಡ್ಡ, ಈಗ ಬೆನ್ನೂ ಬಾಗಿದೆ. ಒಳಗೆ ಬಂದವರು ಸೀದಾ ಉಪ್ಪರಿಗೆಯ ಮೆಟ್ಟಿಲಿನ ಬಳಿ ಹೋಗಿ ನಿಂತರು. ಆ ಮೆಟ್ಟಿಲಿಗೆ ಒಂದೇ ಬದಿಯಲ್ಲಿ, ಕೆಳಗಿನಿಂದ ಮೇಲಿನವರೆಗೆ, ಎರಡು ಹಿಡಿಕೆ. ಒಂದು ಎಲ್ಲ ಕಡೆ ಇರುವಂಥದ್ದು, ಇನ್ನೊಂದು ಅದರ ಕೆಳಗೆ, ತೊಡೆಯ ಮಟ್ಟದಲ್ಲಿ. ಕೆಳಗಿನದು ಯಾಕೆಂದು ಭಾವನಿಗೂ ಗೊತ್ತಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಜೋಡಿಸಿದ್ದರು.

"ಇದು ನನಗೆ ಅಂತ ಅಜ್ಜ ಮಾಡಿದ್ದು," ಎಂದರು ಅವರು. "ಯಾರಾದ್ರೂ ಎತ್ತಿಕೊಂಡು ಹೋದ್ರೆ ನಾನು ಅಳ್ತಿದ್ದೆ. ನಾನೇ ಹತ್ತಬೇಕು ಅಂತ ಹಟ."

ಬೆನ್ನು ಬಾಗಿದ್ದರಿಂದಲೋ ಏನೋ, ಆ ಗಿಡ್ಡ ಹಿಡಿಕೆ ಮತ್ತೆ ಅವರ ಕೈಗೆ ಸರಿಯಾಗಿತ್ತು. ಮರಿಮಗ ಚಾಚಿದ ಕೈಯನ್ನು ಆಚೆ ಸರಿಸಿ, ಒಂದೊಂದೇ ಮೆಟ್ಟಿಲು ಹತ್ತಿದರು.

ಭಾವ ಕೆಳಗೆ ನಿಂತೇ ಇದ್ದರು. "ಇಷ್ಟು ಮನೆ ಬಿಚ್ಚಿದ್ದೇನೆ," ಎಂದರು ನನ್ನ ಕಡೆ ನೋಡದೆ. "ಯಾವುದರಲ್ಲಿ ಏನೇನು ಇತ್ತೋ..."

ಮೇಲಿನಿಂದ ಆ ಹಿರಿಯರ ದನಿ ಕೇಳಿಸಿತು. "ಕೆಳಗೆ ಯಾಕೆ ನಿಂತಿದ್ದೀ ಮಗ? ಮೇಲೆ ಬಾ. ಒಳ್ಳೆ ಗಾಳಿ ಉಂಟು."

ಭಾವ ಚಪ್ಪಲಿ ಬಿಟ್ಟರು. ತಾವೇ ಎತ್ತಿ ನಿಲ್ಲಿಸಿದ ಮನೆಯ ಮೆಟ್ಟಿಲನ್ನು, ಮೊದಲ ಸಲ ಬಂದ ನೆಂಟರ ಹಾಗೆ, ಮೆಲ್ಲಗೆ ಹತ್ತಿದರು.