ಎರಡನೆಯ ಜೋಕಾಲಿಯ ದಿಗ್ವಿಜಯ

ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುತ್ತಿದ್ದ, ಕಸದ ಆಟೋ ಹಾಡುತ್ತ ಹಾಡುತ್ತಲೇ ಮಾಯವಾಗುತ್ತಿದ್ದ ಆ ಪುಣ್ಯಯುಗದಲ್ಲಿ, ಕೆಂಚಾಪುರವೆಂಬ ನಗರಸಭಾಶಾಸಿತ ಪಟ್ಟಣದಲ್ಲಿ, ಯಮಳಪುತ್ರಜನನಿಯೂ ನಿದ್ರಾಚಿರವಿಯೋಗಿನಿಯೂ ಆದ ಪಂಕಜಾಕ್ಷಿ ಮೆರೆದ ಪರಾಕ್ರಮವನ್ನು ಬಣ್ಣಿಸಲು, ಎಲೈ ವಾಗ್ದೇವಿಯೇ, ಒದಗಿ ಬಾ. ಮಕ್ಕಳು ಏಳುವುದರೊಳಗೆ ಬಾ.

ಚಿಣ್ಣರ ಪಾರ್ಕಿನ ಲೋಹಸ್ತಂಭಗಳಲ್ಲಿ ಎರಡು ಜೋಕಾಲಿಗಳ ಸರಪಳಿಗಳು ತೂಗುತ್ತಿದ್ದವು, ಹಲಗೆಯಿದ್ದದ್ದು ಒಂದಕ್ಕೇ. ಆ ಏಕೈಕ ಫಲಕಕ್ಕಾಗಿ ಆಕೆಯ ಅವಳಿ ಕುಮಾರರಾದ ಗಗನ್ ಮತ್ತು ಭುವನರ ನಡುವೆ ಸಂಜೆ ಹೊತ್ತಿಕೊಂಡ ಘೋರಸಂಗ್ರಾಮ ಮನೆಗೆ ಬಂದು, ಊಟದ ತಟ್ಟೆಗಳನ್ನು ದಾಟಿ, ಹಾಸಿಗೆಯವರೆಗೂ ಉರಿಯುತ್ತಿತ್ತು.

ಆಗ ನಗರಸಭೆಯ ಆಯವ್ಯಯಕ್ಕೆ ಸಾರ್ವಜನಿಕರ ಸಲಹೆ ಕೇಳುವ ಮಹಾಸಭೆಯ ದಿನ ಬಂದೊದಗಿತು. ಪಂಕಜಾಕ್ಷಿ ಸೌಟನ್ನೆತ್ತಿ ಶಪಥಗೈದಳು:

"ಎಲೈ ಕುಮಾರರಿರಾ! ಇಂದು ಸಭಾಮಧ್ಯದಲ್ಲಿ ಸಿಂಹಿಣಿಯಂತೆ ಗರ್ಜಿಸಿ ಎರಡನೆಯ ಹಲಗೆಯನ್ನು ಗೆದ್ದು ತಾರದಿದ್ದರೆ ನಾನು ನಿಮ್ಮ ತಾಯಿಯೇ ಅಲ್ಲ!"

"ಅಮ್ಮಾ, ಹಾಲು ಉಕ್ತಾ ಐತೆ," ಎಂದ ಗಗನ್.

ಸಭೆಯಲ್ಲಿ ಪ್ರಾರ್ಥನೆಯಾಯಿತು, ದೀಪ ಬೆಳಗಿತು, ಸ್ವಾಗತವಾಯಿತು, ಸದಸ್ಯರಿಗೆಲ್ಲ ಒಬ್ಬೊಬ್ಬರಾಗಿ ಶಾಲು ಪೇಟಗಳಾದವು. ಬಳಿಕ ಶಾಲುಭಾರಾವನತಸ್ಕಂಧನೂ ಧ್ವನಿವರ್ಧಕೈಕವಲ್ಲಭನೂ ಆದ ಅಧ್ಯಕ್ಷ ತಿಪ್ಪೇಶಪ್ಪನು ಎದ್ದು ನಿಂತು, "ಪ್ರಜೆಗಳೇ ನನ್ನ ದೊರೆಗಳು! ಮಾತಾಡಿ, ನಿರ್ಭಯವಾಗಿ ಮಾತಾಡಿ!" ಎಂದು ಆಜ್ಞಾಪಿಸಿ, ತಾನೇ ಮಾತಾಡುತ್ತ ಹೋದನು. ಸೂರ್ಯನು ನೆತ್ತಿಗೇರಿದನು. ಹಿಂಬಾಗಿಲಿನಿಂದ ಬಿಸಿಬೇಳೆಬಾತಿನ ಪರಿಮಳವು ದಂಡೆತ್ತಿ ಬಂದಿತು.

ನಿರೂಪಕ ನಾಗಭೂಷಣ ಮೈಕು ಹಿಡಿದ. "ಟೈಮ್ ಆಗೋಯ್ತು. ಸಲಹೆ ಇದ್ರೆ ಚೀಟೀಲಿ ಬರ್ದು ಕೊಟ್ಬಿಡಿ. ಈಗ ವಂದನಾರ್ಪಣೆ..."

ವಂದಿಸಬೇಕಾಗಿದ್ದ ಅಧಿಕಾರಿ ಆಗಲೇ ಊಟದ ಸಾಲಿನಲ್ಲಿ ತಟ್ಟೆ ಹಿಡಿದಿದ್ದರು.

"ಯಾರಾದ್ರೂ ಲೇಡೀಸು ಎರಡು ಮಾತು ಥ್ಯಾಂಕ್ಸ್ ಹೇಳ್ಬಿಡಿ ಮೇಡಂ, ಊಟ ಆರ್ತದೆ."

ಪಂಕಜಾಕ್ಷಿ ಎದ್ದಳು. ಕುರ್ಚಿಗಳು ಕಿರುಗುಟ್ಟಿದವು, ದಿಕ್ಕುಗಳು ನಡುಗಿದವು.

"ಪ್ರಾರ್ಥನೆ ಹಾಡಿದವರಿಗೆ ವಂದನೆ. ಶಾಮಿಯಾನದವರಿಗೆ ವಂದನೆ. ಕೊನೇದಾಗಿ, ಚಿಣ್ಣರ ಪಾರ್ಕಿನ ಎರಡನೇ ಜೋಕಾಲಿಗೆ ಈ ಬಜೆಟ್ಟಲ್ಲೇ ಹಲಗೆ ಹಾಕಿಸ್ಕೊಡ್ತಿರೋ ನಮ್ಮ ಅಧ್ಯಕ್ಷರಿಗೆ ಎಲ್ಲಾ ತಾಯಂದಿರ ಪರವಾಗಿ ಕೋಟಿ ಕೋಟಿ ವಂದನೆ!"

ಪ್ರಳಯಮೇಘದಂತೆ ಚಪ್ಪಾಳೆ ಮೊಳಗಿತು.

"ಯಾವಾಗಯ್ಯಾ ನಾನಿದನ್ನ ಹೇಳಿದ್ದು?" ಎಂದು ತಿಪ್ಪೇಶಪ್ಪ ಪಿಸುಗುಟ್ಟಿದ.

"ಗೊತ್ತಿಲ್ಲ ಸಾರ್. ಚಪ್ಪಾಳೆ ಬೀಳ್ತಾ ಐತೆ, ಮೊದ್ಲು ಕೈ ಮುಗೀರಿ," ಎಂದ ನಾಗಭೂಷಣ.

ಮುಗಿದನು. ಅಷ್ಟು ಜನರೆದುರು ಕೈ ಮುಗಿದ ಮೇಲೆ ಇಲ್ಲವೆನ್ನುವ ಅಸ್ತ್ರ ಯಾವ ಅಧ್ಯಕ್ಷನ ಬತ್ತಳಿಕೆಯಲ್ಲಿದೆ?

ಆಯವ್ಯಯ ಅಂಗೀಕಾರವಾಯಿತು. ಹಳದಿ ಬಣ್ಣದ ಹೊಸ ಹಲಗೆ ಬಂದಿತು. ಆ ಸಂಜೆ ಒಂದರಲ್ಲಿ ಗಗನ್, ಇನ್ನೊಂದರಲ್ಲಿ ಭುವನ್ ಆಸೀನರಾಗಲು, ಸಮರವಿಜಯಿನಿ ಪಂಕಜಾಕ್ಷಿ ಕಲ್ಲುಬೆಂಚಿನ ಸಿಂಹಾಸನಕ್ಕೆ ಒರಗಿ, ಎಷ್ಟೋ ಕಾಲದ ಮೇಲೆ ನೆಮ್ಮದಿಯಿಂದ ಕಣ್ಣು ಮುಚ್ಚಿದಳು.

"ಅಮ್ಮಾ, ಬಂದು ತಳ್ಳು!"

"ಅವನ್ನಲ್ಲ, ನನ್ನ ಮೊದ್ಲು!"

"ಹೋಗೋ, ನನ್ನಮ್ಮ!"

ಹಲಗೆ ಎರಡಾಗಿದ್ದವು. ಅಮ್ಮ ಒಬ್ಬಳೇ ಇದ್ದಳು.

ವೀರಮಾತೆ ಎದ್ದು ಹೋಗಿ ಜೋಕಾಲಿಗಳ ನಡುವೆ ನಿಂತು, ಒಂದೊಂದು ಬೆನ್ನಿಗೆ ಒಂದೊಂದು ಕೈಯಿಟ್ಟಳು.

"ವಂದನೆ ಹೇಳುವಾಗಲೇ ಇನ್ನೊಬ್ಬ ಅಮ್ಮನ್ನ ಕೊಡಿಸ್ತಿರೋದಕ್ಕೂ ಸೇರಿಸಿ ಹೇಳ್ಬಿಡಬೇಕಿತ್ತು," ಎಂದು ಗೊಣಗುತ್ತ ತಳ್ಳತೊಡಗಿದಳು.