ಅತ್ತೆಯ ಮೂಗು ಮತ್ತು ಹನ್ನೆರಡನೆಯ ಕೌದಿ

ನನ್ನ ಸೋದರತ್ತೆಗೆ ಕಣ್ಣು, ಕಿವಿ, ನಾಲಗೆ ಎಲ್ಲವೂ ಇವೆ. ಆದರೆ ದೇವರು ಅವನ್ನೆಲ್ಲ ಮುಖ ಖಾಲಿ ಕಾಣಬಾರದೆಂದು ಕೊಟ್ಟಿದ್ದಾನೆ ಅಷ್ಟೆ. ಅವಳ ಸಂಸಾರ ನಡೆಯುವುದೆಲ್ಲ ಮೂಗಿನಿಂದ! ಸುರಪುರದ ಆ ಓಣಿಯಲ್ಲಿ ಯಾರ ಮನೆಯ ಒಗ್ಗರಣೆ ಸೀದಿತು, ಯಾರ ಹಾಲು ಉಕ್ಕಿತು, ಯಾರ ಗಂಡ ಹೊರಗೆ ಮಿರ್ಚಿ ತಿಂದು ಬಂದು ಮನೆಯಲ್ಲಿ ಹಸಿವಿಲ್ಲ ಎಂದ ಎಂಬುದೆಲ್ಲ ಅವಳಿಗೆ ಕಟ್ಟೆಯ ಮೇಲೆ ಕುಳಿತಲ್ಲೇ ತಿಳಿಯುತ್ತದೆ.

ಕೆಂಭಾವಿ ಸಂತೆಯಲ್ಲಿ ಜೋಳ ಕೊಳ್ಳುವವರು ಒಂದು ಹಿಡಿ ತೆಗೆದು ನೋಡುತ್ತಾರೆ. ಇವಳು ಚೀಲದೊಳಗೆ ತಲೆಯನ್ನೇ ಇಳಿಸುತ್ತಾಳೆ. ಒಮ್ಮೆ ಹಾಗೆ ಇಳಿದ ತಲೆ ಎಷ್ಟು ಹೊತ್ತಾದರೂ ಮೇಲೆ ಬರಲಿಲ್ಲ. ವ್ಯಾಪಾರಿ ಗಾಬರಿಯಾಗಿ, "ಯವ್ವಾ, ಅರಾಮ ಅದೀರೇನ್ರಿ?" ಎಂದು ಕೇಳಿದ. ಒಳಗಿನಿಂದ ಉತ್ತರ ಬಂತು: "ಹ್ವಾದ ವರ್ಷದ ಜ್ವಾಳ ತಳಕ್ಕ ಹಾಕೀಯಲ್ಲೋ, ಖೋಡಿ!"

ಮಗಳಿಗೆ ವರ ನೋಡುವಾಗ ಮಾಡಿದ್ದನ್ನಂತೂ ನಮ್ಮ ಬಳಗ ಇಂದಿಗೂ ಮರೆತಿಲ್ಲ. ಸೈದಾಪುರದ ಹುಡುಗ; ಹತ್ತಿರದ ಕಾರ್ಖಾನೆಯಲ್ಲಿ ಕೆಲಸವಿದೆ ಎಂದು ಅವರ ಕಡೆಯವರು ಹೇಳಿದ್ದರು. ಅತ್ತೆ ಚಹಾ ಕೊಡುವ ನೆಪದಲ್ಲಿ ಅವನ ಬೆನ್ನ ಹಿಂದೆ ಎರಡು ಸುತ್ತು ಹಾಕಿ ಒಳಗೆ ಬಂದು, "ಅಂಗಿ ಒಗದಾರ, ಆದ್ರೂ ಕಾರ್ಖಾನಿ ವಾಸನಿ ಹೋಗಿಲ್ಲ. ಕೆಲಸ ಐತಿ ಅಂದದ್ದು ಖರೇ. ಕೊಡ್ರಿ," ಎಂದಳು. ಕೊಟ್ಟೆವು. ಹುಡುಗ ಬಂಗಾರದಂಥವನು!

ಇಂಥ ಮೂಗಿನವಳಿಗೆ ಸಿಕ್ಕ ಗಂಡನಾದರೂ ಯಾರು? ಟ್ರ್ಯಾಕ್ಟರ್ ರಿಪೇರಿ ಮಾಡುವ ಮಿಸ್ತ್ರಿ! ಮಾಮಾ ಸಂಜೆ ಮನೆಗೆ ಬರುವ ಮೊದಲೇ ಅವರ ಡೀಸೆಲ್ ವಾಸನೆ ಬಂದು ಬಾಗಿಲು ತಟ್ಟುತ್ತಿತ್ತು. ಅತ್ತೆ ಸೋಪು ಹಿಡಿದು ಹೊಸ್ತಿಲಲ್ಲಿ ನಿಲ್ಲುತ್ತಿದ್ದಳು. "ಅಲ್ಲೇ ನಿಂದರ್ರಿ! ತಿಕ್ಕೊಂಡು ಬರ್ರಿ!" ಅವರು ಅಂಗಳದ ಕಲ್ಲಿನ ಮೇಲೆ ಕುಳಿತು ತಿಕ್ಕಿಕೊಂಡು ಬಂದರೆ ಮೂಗು ಮುಂದೆ ಚಾಚಿ ಪರೀಕ್ಷೆ. "ಹೋಗಿಲ್ಲ. ಇನ್ನೊಮ್ಮಿ." ಮಾಮಾ ನಗುತ್ತಿದ್ದರು: "ಮೂವತ್ತು ವರ್ಷ ಆತು ತಿಕ್ಕಾಕತ್ತು. ಡೀಸೆಲ್ ಹೋಗಂಗಿಲ್ಲ, ನಾನ ಸವದು ಹೋಗ್ತೀನಿ ನೋಡು." ಮೂರು ವರ್ಷದ ಹಿಂದೆ ಅವರು ತೀರಿಕೊಂಡರು. ಅತ್ತೆ ಮನೆಯನ್ನೆಲ್ಲ ತೊಳೆದಳು, ಅಂಗಿಗಳನ್ನೆಲ್ಲ ಬೇಕಾದವರಿಗೆ ಕೊಟ್ಟಳು. ಅಂತೂ ಆ ವಾಸನೆಯಿಂದ ಇವಳಿಗೆ ಬಿಡುಗಡೆ ಸಿಕ್ಕಿತು ಎಂದು ನಾವು ತಿಳಿದೆವು.

ಇರಲಿ, ನಾನು ಹೇಳಹೊರಟದ್ದು ಚಿಗಟದ ಸುದ್ದಿ. ಅವನ್ನು ಮನೆಗೆ ತಂದವನು ಸಾವ್ಕಾರ. ಸಾವ್ಕಾರ ಎಂದರೆ ಅತ್ತೆಯ ಬೆಕ್ಕು. ಕೆಲಸ ಮಾಡುವುದಿಲ್ಲ, ಕರೆದರೆ ಬರುವುದಿಲ್ಲ, ಹಾಲು ತಡವಾದರೆ ಸಿಟ್ಟು. ಬೇರೆ ಹೆಸರು ಹೇಗೆ ಇಟ್ಟಾರು? ಹೋದ ವರ್ಷ ಅತ್ತೆಯ ಮಗಳು ಮೊದಲ ಹೆರಿಗೆಗೆಂದು ತವರಿಗೆ ಬಂದಳು. ಬಂದ ಮೂರನೆಯ ದಿನಕ್ಕೆ ಅವಳ ಕಾಲಿನ ಗಿಣ್ಣುಗಳ ಸುತ್ತ ಕೆಂಪು ಗುಳ್ಳೆ. ಎಲೆ ಅಡಿಕೆ ಹಾಕಿ, ಸೀರೆ ಉಡಿಸಿ, ಉಡಿ ತುಂಬಿ ಕರೆತಂದ ಹೆಣ್ಣುಮಗಳು ಕೂತಲ್ಲಿ ನಿಂತಲ್ಲಿ ಪರಪರ ಕೆರೆದುಕೊಳ್ಳತೊಡಗಿದಳು.

"ಯವ್ವಾ, ಇವು ಚಿಗಟ! ನನಗ ಕಡದ್ರ ಕಡೀಲಿ. ಕೂಸಿಗೆ ಕಡದ್ರ ಏನ್ ಮಾಡೋದು?"

"ಏ, ಚಿಗಟ ಇದ್ದಿದ್ರ ನನಗ ವಾಸನಿ ಬರ್ತಿದ್ದಿಲ್ಲೇನು?" ಎಂದಳು ಅತ್ತೆ.

ಆ ಮೂಗಿನ ಚರಿತ್ರೆಯಲ್ಲೇ ಮೊದಲ ಸೋಲು ಅದು! ಚಿಗಟಕ್ಕೆ ವಾಸನೆಯೇ ಇಲ್ಲ. ಮಗಳು ನಾಲ್ಕನೆಯ ದಿನ ಗಂಡನ ಮನೆಗೇ ತಿರುಗಿ ಹೋದಳು. ಹೋಗುವಾಗ, "ಚಿಗಟ ಹ್ವಾದ ಮ್ಯಾಲ ಫೋನ್ ಮಾಡು. ಇಲ್ಲಾಂದ್ರ ಬಾಣಂತನ ಸೈದಾಪುರದಾಗ ಆಗ್ತೈತಿ," ಎಂದು ಹೇಳಿ ಹೋದಳು. ಮೊದಲ ಬಾಣಂತನ ತವರಲ್ಲಿ ಆಗದಿದ್ದರೆ ನಮ್ಮ ಕಡೆ ಎಂಥ ಅವಮಾನ ಎಂದು ಬೇರೆ ಹೇಳಬೇಕೆ? ಅತ್ತೆ ಬಾಣಂತಿಗೆ ಕೊಡುವ ಅಂಟಿನುಂಡಿಗೆಂದು ಕೊಬ್ಬರಿ, ಉತ್ತತ್ತಿ ಮೂಸಿ ಮೂಸಿ ತಂದಿಟ್ಟಿದ್ದಳು. ಗಂಡ ಹೋದ ಮೇಲೆ ಆ ಮನೆಯಲ್ಲಿ ನಡೆಯಬೇಕಿದ್ದ ಮೊದಲ ಸಂತೋಷ ಅದು. ಮೊದಲ ಬಾರಿಗೆ ಅವಳು ಅಳುವುದನ್ನು ಕಂಡೆ. ಹೆರಿಗೆಗೆ ಇನ್ನು ಎರಡು ತಿಂಗಳಿತ್ತು.

ಹೀಗೆ ನಾನು ಈ ಯುದ್ಧಕ್ಕೆ ಸೇರಿದೆ. ಎರಡು ಓಣಿ ಆಚೆ ನನ್ನ ಮನೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮಾಸ್ತರ ಎಂಬ ಒಂದೇ ತಪ್ಪಿಗೆ ನನ್ನನ್ನು ಸೇನಾಪತಿ ಮಾಡಲಾಯಿತು. ಮೊದಲು ಬೇವಿನ ಸೊಪ್ಪಿನ ಹೊಗೆ ಹಾಕಿದೆವು. ಅತ್ತೆ ಕೆಮ್ಮಿದಳು, ನಾನು ಕೆಮ್ಮಿದೆ, ಸಾವ್ಕಾರ ಸೀನಿದ. ಚಿಗಟಗಳು ಮಾತ್ರ ಅರಾಮವಾಗಿದ್ದವು. ಆಗ ಪಕ್ಕದ ಮನೆಯ ರೈತಣ್ಣ ಬೆನ್ನಿಗೆ ಪಂಪು ಏರಿಸಿಕೊಂಡೇ ಬಂದ. "ಹತ್ತಿಗಿ ಹೊಡಿಯೋ ಎಣ್ಣಿ ಉಳದೈತ್ರಿ. ಒಂದ್ ಸಲ ಹೊಡದ್ನಂದ್ರ ಚಿಗಟದ ಮೊಮ್ಮಕ್ಕಳು ಸುದ್ದಾ ಉಳ್ಯಂಗಿಲ್ಲ!"

ಅತ್ತೆಯ ಮೂಗು ಅಂಗಳದಲ್ಲೇ ಅವನನ್ನು ತಡೆಯಿತು. "ಅದು ಹೊಲಕ್ಕ ಹೊಡಿಯೋ ವಿಷ. ನನ್ನ ಮೊಮ್ಮಗ ಅಂಬೆಗಾಲಿಡೋ ಪರಸಿ ಮ್ಯಾಲ ಹೊಡಿತಿಯೇನು? ನಡಿ ಆಚಿ!" ಎಂದಳು. ಚಿಗಟ ಹಿಡಿಯಲಾಗದ ಮೂಗು ಆ ದಿನ ಇಡೀ ಮನೆಯನ್ನು ಉಳಿಸಿತು.

ಭಾನುವಾರ ಚಿಗಟದ ಔಷಧ ತರಲು ಯಾದಗಿರಿಗೆ ಹೊರಟೆವು. ಬಸ್ಸಿನಲ್ಲಿ ಅತ್ತೆಯ ಜಾಗ ಯಾವಾಗಲೂ ಇಂಜಿನ್ನಿನಿಂದ ದೂರ, ಹಿಂದಿನ ಕಿಟಕಿ. ಶಹಾಪುರ ಬಂದು ಹೋಗುವವರೆಗೂ ಸೆರಗು ಮೂಗಿನಿಂದ ಇಳಿಯಲಿಲ್ಲ. "ಹಾಳಾದ ಡೀಸೆಲ್! ಮೂವತ್ತು ವರ್ಷ ಮನಿಯಾಗ ಸಾಕಾಗಿಲ್ಲಂತ ಇಲ್ಲೂ ಬೆನ್ನ ಹತ್ತೈತಿ!" ಎಂದು ಊರಿಗೆಲ್ಲ ಕೇಳುವಂತೆ ಗೊಣಗಿದಳು.

ಅಂಗಡಿಯ ಮುದುಕಪ್ಪ ಮೂರು ಡಬ್ಬಿ ಮುಂದಿಟ್ಟ. ಒಂದು ಸೊಳ್ಳೆಗೆ, ಒಂದು ಜಿರಲೆಗೆ. ಮೂರನೆಯದು ಮನೆಯೊಳಗಿನ ಚಿಗಟಕ್ಕೆಂದೇ ಮಾಡಿದ್ದು. "ಇದು ದೊಡ್ಡ ಚಿಗಟ ಕೊಲ್ತೈತಿ, ತತ್ತಿ ಮರಿ ಬೆಳಿಯಾಕ ಬಿಡಂಗಿಲ್ಲ. ಎರಡೂ ಕೆಲಸ ಮಾಡೋದನ್ನ ಒಯ್ರಿ," ಎಂದ.

"ಮುಚ್ಚಳ ತಗೀ. ಮೂಸಿ ನೋಡ್ತೀನಿ."

"ಯವ್ವಾ, ವಿಷಾ ರೀ ಅದು!"

"ಮೂಸಿ ನೋಡದ ನಾ ಅಳಿಯನ್ನೂ ತಂದಿಲ್ಲ!"

"ಅಳಿಯನ್ನ ಮೂಸಿದ್ರ ಏನಾಗಂಗಿಲ್ರಿ. ಇದನ್ನ ಮೂಸಿದ್ರ ಚಿಗಟಕ್ಕಿಂತ ಮೊದಲ ನೀವು ಬೀಳ್ತೀರಿ!"

ಅಂಗಡಿಯಲ್ಲಿ ಜನ ಸೇರಿತು. ಕೊನೆಗೆ ನಾನು ಡಬ್ಬಿಯ ಮೇಲಿನ ಇರುವೆಗಿಂತ ಸಣ್ಣ ಅಕ್ಷರಗಳನ್ನು ಗಟ್ಟಿಯಾಗಿ ಓದುವುದು, ಅವಳು ಕೇಳುವುದು ಎಂದು ರಾಜಿಯಾಯಿತು. ಮಲ್ಲಿಗೆ ಪರಿಮಳದ್ದೂ ಇದೆ ಎಂದು ಮುದುಕಪ್ಪ ಆಸೆ ತೋರಿಸಿದ್ದಕ್ಕೆ, "ಚಿಗಟಕ್ಕ ಮಲ್ಲಿಗಿ ಯಾಕ? ಅವಕ್ಕೇನು ಲಗ್ನ ಐತೇನು? ಸಾದಾದ್ದು ಕೊಡು," ಎಂದಳು. ಬರುವಾಗ ಪಶು ಆಸ್ಪತ್ರೆಯ ಡಾಕ್ಟರು ಸಾವ್ಕಾರನ ಕುತ್ತಿಗೆಗೆ ಹಾಕುವ ಹನಿ ಬರೆದುಕೊಟ್ಟರು. ಮನೆಗೆ ಹೊಡೆಯುವುದನ್ನು ಬೆಕ್ಕಿಗೆ ಹೊಡೆಯಬೇಡಿ, ನಾಯಿಯ ಔಷಧವನ್ನೂ ಬೆಕ್ಕಿಗೆ ಹಾಕಬೇಡಿ, ಸತ್ತೇ ಹೋಗುತ್ತದೆ ಎಂದು ಎರಡು ಸಲ ಹೇಳಿದರು. ಹನಿ ಹಾಕುವಾಗ ಸಾವ್ಕಾರ ನನ್ನ ಮುಂಗೈ ಮೇಲೆ ಬರೆದ ರಸೀದಿ ಇನ್ನೂ ಮಾಸಿಲ್ಲ.

ಮಂದಿ ಮದುವೆಗೆ ಅಷ್ಟು ತಯಾರಿ ಮಾಡುವುದಿಲ್ಲ! ಜೋಳದ ಡಬ್ಬಿ, ಪಾತ್ರೆಗಳೆಲ್ಲ ಹೊರಗೆ. ದೇವರ ಜಗಲಿಗೆ ಪ್ಲಾಸ್ಟಿಕ್ ಹೊದಿಕೆ. ಗ್ಯಾಸ್ ಬಂದ್. ನೆಲದ ಪರಸಿ ಕಲ್ಲುಗಳ ಸಂದಿಸಂದಿಯನ್ನೂ ಅತ್ತೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆದರಿ ಗುಡಿಸಿ ಕಸವನ್ನು ದೂರ ಚೆಲ್ಲಿದಳು. ಹಳೆಯ ಸೀರೆ ಸೇರಿಸಿ ಹೊಲಿದ ಹೊದಿಕೆ, ಕೌದಿಗಳನ್ನೆಲ್ಲ ಬಿಸಿನೀರಲ್ಲಿ ನೆನೆಸಿ, ಬಡಿದು, ಬಿಸಿಲಿಗೆ ಹಾಕಿದೆವು. ಹನ್ನೊಂದು ಇದ್ದವು. ಚಿಕ್ಕವನಿದ್ದಾಗ ಆ ಕೌದಿಗಳ ರಾಶಿ ಏರಿ ಕುಳಿತು ಎಣಿಸಿದ್ದವನು ನಾನು. ನನಗೆ ಗೊತ್ತಿದ್ದದ್ದು ಹನ್ನೆರಡು. ಕೇಳಿದರೆ, "ಒಂದು ಹರದು ಹೋತು," ಎಂದು ಮುಖ ತಿರುಗಿಸಿದಳು.

ಸಾವ್ಕಾರ ನನ್ನ ಮನೆಗೆ ಗಡಿಪಾರಾದ. ನಾನು ಮುಖಕ್ಕೆ ಮಾಸ್ಕು, ಕೈಗೆ ಚೀಲ ಕಟ್ಟಿಕೊಂಡು ಒಳಗೆ. ಅತ್ತೆ ಹೊರಗಿನ ಕಟ್ಟೆಯ ಮೇಲೆ, ಬಟ್ಟೆಯ ಗಂಟೊಂದನ್ನು ಕಂಕುಳಲ್ಲಿ ಒತ್ತಿ ಹಿಡಿದುಕೊಂಡು. ಬಂಗಾರ ಇರಬೇಕು ಎಂದುಕೊಂಡೆ.

"ಮೂಲಿ ಹೊಡದಿಯೇನೋ?"

"ಹೊಡದ್ನಿ ಅತ್ತಿ!"

"ಮಂಚದ ಬುಡಕ? ಟ್ರಂಕಿನ ಹಿಂದ?"

"ಹೊಡದ್ನಿ!"

"ನೆಲ ತೇವ ಆದ್ರ ಸಾಕು. ಕೆರಿ ಮಾಡಬ್ಯಾಡ!"

ಬಾಗಿಲು ಹಾಕಿ ಹೊರಬಂದೆ. ಡಬ್ಬಿಯಲ್ಲಿ ಹೇಳಿದ್ದಕ್ಕಿಂತ ಎರಡು ತಾಸು ಹೆಚ್ಚೇ ಕಾಯಿಸಿದಳು. ಆಮೇಲೆ ಕಿಟಕಿ ಬಾಗಿಲು ತೆರೆದು, ನೆಲ ಒಣಗಿ, ಗಾಳಿಯಾಡಿದ ಮೇಲೆ ಮೂಗು ಮೊದಲು, ಅತ್ತೆ ನಂತರ ಒಳಗೆ ಹೋದರು. ಮರುದಿನದಿಂದ ಪರೀಕ್ಷೆ. ನಾನು ಮೊಣಕಾಲಿನವರೆಗೆ ಬಿಳಿ ಕಾಲುಚೀಲ ಏರಿಸಿಕೊಂಡು ಮನೆಯ ತುಂಬ ನಡೆಯಬೇಕು. ಬಿಳಿಯ ಮೇಲೆ ಚಿಗಟ ಹಾರಿದರೆ ಕಪ್ಪಗೆ ಕಾಣುತ್ತದೆ. ಲುಂಗಿ ಎತ್ತಿ ಕಟ್ಟಿ, ಬಿಳಿ ಕಾಲುಚೀಲದಲ್ಲಿ ನಾನು ತಿರುಗುವುದನ್ನು ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಬಾಗಿಲಲ್ಲಿ ನಿಂತು ನೋಡಿದಳು. ಅಂದಿನಿಂದ ಆಕೆ ನನಗೆ ನಮಸ್ಕಾರ ಮಾಡುವಾಗ ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಾಳೆ.

ಮೊದಲ ವಾರ ಒಂದೂ ಇಲ್ಲ. ಹತ್ತನೆಯ ದಿನ, ಏಳು!

"ಮೋಸ!" ಎಂದು ಅತ್ತೆ ಅಂಗಡಿಗೆ ಫೋನ್ ಹಚ್ಚಿಸಿದಳು. ಮುದುಕಪ್ಪ ಶಾಂತವಾಗಿ ಹೇಳಿದ: "ಮೋಸ ಇಲ್ಲ ಯವ್ವಾ. ಗೂಡಿನಾಗ ಇದ್ದವಕ್ಕ ಔಷಧಿ ಮುಟ್ಟಂಗಿಲ್ಲ. ಈಗ ಹೊರಗ ಬರಾಕತ್ತಾವ. ದಿನಾ ಗುಡಸ್ರಿ, ಎರಡು ವಾರ ತಡೀರಿ. ಬಾಜೂಕ ಮಾಸ್ತರು ಅದಾರಲ್ಲ, ಅವರು ಹೇಳಿಲ್ಲೇನ್ರಿ?" ಹದಿನೈದು ವರ್ಷ ಚಿಟ್ಟೆಯ ಮೊಟ್ಟೆ, ಮರಿ, ಗೂಡು ಎಂದು ಬೋರ್ಡಿನ ಮೇಲೆ ಬಿಡಿಸಿದ ಮಾಸ್ತರ ನಾನು. ಚಿಗಟಕ್ಕೂ ಅದೇ ಕಥೆ ಎಂಬುದು ಹೊಳೆದಿರಲಿಲ್ಲ. ಅತ್ತೆ ನನ್ನನ್ನು ನೋಡಿದ ನೋಟಕ್ಕೆ ಕಾಲುಚೀಲದ ಸಮೇತ ಅಡುಗೆಮನೆಗೆ ಓಡಿದೆ.

ಎರಡು ವಾರ ಕಳೆಯಿತು. ಪಡಸಾಲೆ ಸ್ವಚ್ಛ, ಅಡುಗೆಮನೆ ಸ್ವಚ್ಛ. ಆದರೆ ಒಳಕೋಣೆಗೆ ಹೋದರೆ ಕಾಲುಚೀಲದ ಮೇಲೆ ದಿನವೂ ಎರಡು ಮೂರು. ಗೂಡಿನ ಲೆಕ್ಕವೂ ಮುಗಿದ ಮೇಲೆ ಇವೆಲ್ಲಿಂದ? ಮಗಳು ಫೋನಿನಲ್ಲಿ, "ಇನ್ನ ಮೂರು ವಾರ ಉಳದಾವ ಯವ್ವಾ," ಎಂದಳು. ಅತ್ತೆ ಫೋನ್ ಇಟ್ಟು ಮತ್ತೆ ಕಸಬರಿಗೆ ಹಿಡಿದಳು.

ಮಧ್ಯಾಹ್ನ ಸಾವ್ಕಾರ ಎಲ್ಲಿ ಮಾಯವಾಗುತ್ತಾನೆಂದು ಹಿಂದೆಯೇ ಹೋಗಿ ನೋಡಿದೆ. ಒಳಕೋಣೆಯ ದೊಡ್ಡ ಟ್ರಂಕಿನ ಹಿಂದೆ, ಗೋಡೆಯ ಸಂದಿಯಲ್ಲಿ, ಮಡಿಚಿಟ್ಟ ಬಟ್ಟೆಯೊಂದರ ಮೇಲೆ ಅವನು ಮುದುರಿ ಮಲಗಿದ್ದ. ಎಳೆದು ನೋಡಿದರೆ ಹನ್ನೆರಡನೆಯ ಕೌದಿ! ಅಂದು ಕಂಕುಳಲ್ಲಿದ್ದ ಗಂಟು ಇದೇ. ಬಿಸಿನೀರು ಕಂಡಿಲ್ಲ, ಬಿಸಿಲು ಕಂಡಿಲ್ಲ, ಔಷಧದ ಒಂದು ಹನಿ ಕಂಡಿಲ್ಲ. ಇಡೀ ಮನೆಗೆ ಚಿಗಟ ಸರಬರಾಜು ಇಲ್ಲಿಂದಲೇ ನಡೆದಿತ್ತು.

ಸಿಕ್ಕಿಬಿತ್ತಲ್ಲ ಎಂಬ ಹುರುಪಿನಲ್ಲಿ ಅದನ್ನು ಎತ್ತಿಕೊಂಡು ಹೊರಗೆ ಬಂದೆ. ಬೈಯಬೇಕೆಂದೇ ಬಾಯಿ ತೆರೆದೆ. ಅಷ್ಟರಲ್ಲಿ ಅದರ ವಾಸನೆ ನನ್ನ ಸಾದಾ ಮೂಗಿಗೂ ಬಂತು.

ಡೀಸೆಲ್!

ಅತ್ತೆ ನನ್ನ ಕೈಯಿಂದ ಕೌದಿಯನ್ನು ಕಸಿದುಕೊಂಡಳು. "ಅವರು ಹೊತಕೋತಿದ್ದದ್ದು," ಎಂದಳು. "ಎಲ್ಲಾ ತೊಳದ್ನಿ ತಮ್ಮಾ. ಇದೊಂದು ಕೈಲಿ ಆಗಲಿಲ್ಲ."

ಮೂವತ್ತು ವರ್ಷ ಸೋಪು ಹಿಡಿದು ಯಾವ ವಾಸನೆಯನ್ನು ಓಡಿಸಲು ಹೋರಾಡಿದಳೋ ಅದನ್ನೇ ಎರಡು ವರ್ಷ ಟ್ರಂಕಿನ ಹಿಂದೆ ಬಚ್ಚಿಟ್ಟು ಕಾಪಾಡಿದ್ದಳು. ನಾನು ನಕ್ಕ ನಗೆಗಳೆಲ್ಲ ನೆನಪಾಗಿ ನಾಚಿಕೆಯಾಯಿತು. "ಇರಲಿ ಬಿಡು ಅತ್ತಿ, ಪ್ಲಾಸ್ಟಿಕ್ ಚೀಲದಾಗ ಕಟ್ಟಿ ನನ್ನ ಮನ್ಯಾಗ ಇಡ್ತೀನಿ," ಎಂದೆ.

ಅವಳು ಬಹಳ ಹೊತ್ತು ಕೌದಿಯನ್ನು ಮುಖಕ್ಕೆ ಒತ್ತಿಕೊಂಡು ನಿಂತಿದ್ದಳು. ಆಮೇಲೆ, "ಬ್ಯಾಡ. ನಿನ್ನ ಮನಿಗೂ ಚಿಗಟ ಆಗ್ತಾವ. ನೀರು ಕಾಸು," ಎಂದಳು.

ನನಗೆ ಮುಟ್ಟಲು ಬಿಡಲಿಲ್ಲ. ಮಾಮಾ ಕುಳಿತು ತಿಕ್ಕಿಕೊಳ್ಳುತ್ತಿದ್ದ ಅದೇ ಕಲ್ಲಿನ ಮೇಲೆ ಕೌದಿ ಹಾಸಿ, ಅದೇ ಸೋಪಿನಿಂದ ಅವಳೇ ತಿಕ್ಕಿದಳು. ಹಿಂಡಿ, ಮೂಸಿ ನೋಡಿದಳು. ಇನ್ನೊಮ್ಮೆ ತಿಕ್ಕಿದಳು. ಮತ್ತೆ ಮೂಸಿ, "ಹೋತು," ಎಂದಳು. ಡಬ್ಬಿಯಲ್ಲಿ ಹೇಳಿದಷ್ಟು ದಿನ ಕಳೆದಿದ್ದರಿಂದ ಒಳಕೋಣೆಗೆ ಇನ್ನೊಮ್ಮೆ ಔಷಧ ಹೊಡೆದೆವು. ಹತ್ತು ದಿನ ಬಿಳಿ ಕಾಲುಚೀಲ ಬೆಳ್ಳಗೇ ಉಳಿಯಿತು. ಅತ್ತೆ ತಾನೇ ಮಗಳಿಗೆ ಫೋನ್ ಮಾಡಿದಳು: "ಬಾ ಯವ್ವಾ. ಒಂದೂ ಇಲ್ಲ."

ಮಗಳನ್ನು ಕರೆತರಲು ಹೊರಟ ದಿನ, ಹೋಗುವಾಗ ಬಸ್ಸು, ಬರುವಾಗ ಬಾಡಿಗೆ ಕಾರು ಎಂದು ಗೊತ್ತುಮಾಡಿದ್ದೆವು. ಬಸ್ಸು ಖಾಲಿಯಿತ್ತು. ನಾನು ರೂಢಿಯಂತೆ ಹಿಂದಿನ ಕಿಟಕಿಯ ಸೀಟು ಹಿಡಿದು ಕರೆದೆ. ಅತ್ತೆ ಬರಲಿಲ್ಲ. ಎಲ್ಲಕ್ಕೂ ಮುಂದೆ, ಡ್ರೈವರನ ಪಕ್ಕ, ಇಂಜಿನ್ನಿಗೆ ತಾಗಿದ ಸೀಟಿನಲ್ಲಿ ಕುಳಿತಿದ್ದಳು. ಬಸ್ಸು ಗುಡುಗಿ ಹೊರಟಿತು. ಸೆರಗು ಮೂಗಿಗೆ ಏರಲಿಲ್ಲ, ಮಡಿಲಲ್ಲೇ ಇತ್ತು. ಅವಳು ಕಣ್ಣು ಮುಚ್ಚಿಕೊಂಡಿದ್ದಳು.

"ಯವ್ವಾ, ಇಲ್ಲಿ ಡೀಸೆಲ್ ವಾಸನಿ ಬರ್ತೈತ್ರಿ. ಹಿಂದ ಕೂಡ್ರಿ," ಎಂದ ಡ್ರೈವರ್.

"ಬರಲಿ ಬಿಡಪಾ," ಎಂದಳು ಅತ್ತೆ.